ಬರ್ಫದ ಬಂಡಿಗೆ ಬಿದ್ದ ಮಸಿ

ನಮ್ಮ ಕಾಕಾ ಸೈದಪ್ಪನನ್ನು ಊರವರು ಸಾಧು ಮನುಷ್ಯ ಎನ್ನುತ್ತಿದ್ದರು. ಅವರ ಬಾಯಿಗೆ ಮಣ್ಣು ಹಾಕ. ಎರಡು ವರ್ಷ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಎತ್ತು ಹೊಡೆದವ ಆತ. ಈ ಕಥೆಯನ್ನು ಆತನ ಬಾಯಿಂದಲೇ ಹತ್ತು ಸಲ ಕೇಳಿದ್ದೇನೆ. ಹತ್ತೂ ಸಲ ನನ್ನ ರಕ್ತ ಕುದ್ದಿದೆ.

ನಿಜಾಮರ ಕಾಲ. ಮಾದನಹಿಪ್ಪರಗಾದ ಆಚೆ ಒಂದು ಊರು; ಹೆಸರು ಹೇಳುವುದಿಲ್ಲ, ಅಲ್ಲಿನ ವಾಡೆಯ, ಗೌಡರ ದೊಡ್ಡ ಮನೆಯ, ಮೊಮ್ಮಕ್ಕಳು ಈಗಲೂ ಎದುರಿಗೆ ಸಿಗುತ್ತಾರೆ. ಕಾಕಾ ಅಲ್ಲಿನ ಗೌಡನ ಬಂಡಿ ಹೊಡೆಯುತ್ತಿದ್ದ. ಬೇಸಿಗೆಯಲ್ಲಿ ಆತನ ಕೆಲಸವೆಂದರೆ ಬರ್ಫ, ಅಂದರೆ ಮಂಜುಗಡ್ಡೆ, ತರುವುದು. ಸೊಲ್ಲಾಪುರದ ಕಾರಖಾನೆಯಿಂದ ರೈಲಿನಲ್ಲಿ ದುಧನಿ ಸ್ಟೇಷನ್ನಿಗೆ ಬರ್ಫದ ಗಡ್ಡೆ ಬರುತ್ತಿತ್ತು. ಬಂಡಿಯಲ್ಲಿ ಹೊಟ್ಟು ತುಂಬಿ, ಗಡ್ಡೆಗಳನ್ನು ಅದರೊಳಗೆ ಹುಗಿದು, ಮೇಲೆ ಹಸಿ ಗೋಣಿತಟ್ಟು ಹೊದಿಸಿ ಸಂಜೆ ಹೊರಟರೆ ಐದು ಹರದಾರಿ ದಾಟಿ ನಸುಕಿಗೆ ವಾಡೆ ಸೇರುತ್ತಿದ್ದ. ಒಂಬತ್ತು ವರ್ಷದಲ್ಲಿ ಒಂದು ಚೂರನ್ನೂ ಮುರಿದು ಬಾಯಿಗೆ ಹಾಕಿಕೊಂಡವನಲ್ಲ.

ಸ್ಟೇಷನ್ನಿನಲ್ಲಿ ಮುರ್ತುಜಾ ಎಂಬ ಹಮಾಲ ಕಾಕಾನ ದೋಸ್ತ. ಇಂಜಿನ್ನಿನ ಹತ್ತಿರದ ಡಬ್ಬಿಯಲ್ಲಿ ಬಂದ ಬರ್ಫಕ್ಕೆ ಮಸಿ ಹತ್ತಿರುತ್ತಿತ್ತು. ಬಿಸಿಲಿಗಿಟ್ಟರೆ ಮಸಿ ಬಿದ್ದಲ್ಲೆಲ್ಲ ತೂತು. ಬೆಳ್ಳಗಿದ್ದ ಜಾಗ ಮಾತ್ರ ಗಟ್ಟಿ. ಕರಿ ಕಂಬಳಿ ಬಿಸಿಲಿಗೆ ಕಾಯುವಂತೆ ಮಸಿಯೂ ಕಾಯುತ್ತದೆ ಎಂದು ಕಾಕಾ ತಾನೇ ಕಂಡುಕೊಂಡಿದ್ದ. ಭೂಮಿಯ ಎರಡು ತುದಿಗೆ ಮೈಲುಗಟ್ಟಲೆ ದಪ್ಪದ ಬರ್ಫದ ನಾಡುಗಳಿವೆ ಎಂದು ಮುರ್ತುಜಾ ಉರ್ದು ಪೇಪರಿನಲ್ಲಿ ಓದಿ ಹೇಳಿದಾಗ, ಈ ಇಂಜಿನ್ನುಗಳ ಹೊಗೆ ಅಲ್ಲಿಗೂ ಮುಟ್ಟುತ್ತದೇನು ಎಂದು ಕಾಕಾ ಕೇಳಿದನಂತೆ. ಮುರ್ತುಜಾ ನಕ್ಕುಬಿಟ್ಟ. ಈಗ ದೊಡ್ಡ ದೊಡ್ಡ ಪಂಡಿತರು ಅದನ್ನೇ ಹೇಳುತ್ತಾರೆ: ಲೋಕದ ಹೊಗೆಯೆಲ್ಲ ಸೇರಿ ಗಾಳಿಯ ಗುಣವೇ ಕೆಟ್ಟಿದೆ, ಗಾಳಿ ಕಾಯುತ್ತಿದೆ, ಧ್ರುವದ ಹಿಮದ ಮೇಲೆ ಮಸಿ ಕೂತು ಬಿಸಿಲು ಹೀರಿ ಅದನ್ನು ಕರಗಿಸುತ್ತಿದೆ ಎಂದು. ಅದನ್ನು ಓದಿದ ದಿನ ನಾನು ಪೇಪರನ್ನು ನೆಲಕ್ಕೆ ಬಡಿದೆ. ನಮ್ಮ ಕಾಕಾ ಹೇಳಿದಾಗ ಒಬ್ಬನೂ ನಂಬಲಿಲ್ಲವಲ್ಲ!

ಸಾವಿರದ ಒಂಬೈನೂರ ನಲವತ್ತೊಂದರ ವೈಶಾಖ. ಗೌಡನ ಮಗಳ ಮದುವೆಗೆ ಶರಬತ್ತಿನ ಬರ್ಫ ತರಲು ಕಾಕಾ ಹೊರಟಾಗ ಕಾಕಿ ಸಾಬವ್ವನಿಗೆ ಹದಿನಾಲ್ಕು ದಿನದ ವಿಷಮಜ್ವರ. ಆಳಂದದಿಂದ ಬಂದ ಹಕೀಮರು, ಜ್ವರ ತಲೆಗೇರಿದೆ, ನೆತ್ತಿಯ ಮೇಲೆ ಬರ್ಫ ಇಡಿ, ಇಲ್ಲದಿದ್ದರೆ ನನ್ನ ಕೈಯಲ್ಲಿಲ್ಲ ಎಂದಿದ್ದರು. ಮರುದಿನ ನಸುಕಿಗೆ ಕಾಕಾನ ಬಂಡಿ ಆತನ ಮನೆಯ ಮುಂದೆಯೇ ಹಾದುಹೋಯಿತು. ಆರು ಗಡ್ಡೆ ಬರ್ಫ ಹೊತ್ತ ಬಂಡಿ! ಒಳಗೆ ಹೆಂಡತಿ ಬಡಬಡಿಸುತ್ತಿದ್ದಳು. ಈ ಪುಣ್ಯಾತ್ಮ ಬಂಡಿ ನಿಲ್ಲಿಸಲಿಲ್ಲ. ಮೊದಲು ಕೇಳಿ, ಆಮೇಲೆ ಒಯ್ಯುತ್ತೇನೆ ಎಂದು ವಾಡೆಗೆ ಹೋದ.

ಕೇಳಿದ. ಗೌಡ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ.

"ಲೇ ಸೈದ್ಯಾ, ಬೀಗರ ಬಾಯಿಗಿ ಹೋಗೋ ಬರ್ಫ ನಿನ್ನ ಹೇಂತಿ ತಲಿಗಿ ಇಡಬೇಕೇನಲೇ?" ಎಂದ. ಕೂತವರೆಲ್ಲ ನಕ್ಕರು. ಸಾಬವ್ವ ಮೂರನೆಯ ದಿನ ತೀರಿಕೊಂಡಳು.

ಕೇಳಬಾರದಿತ್ತು, ಕದಿಯಬೇಕಿತ್ತು ಎಂದು ಕಾಕಾ ಸಾಯುವತನಕ ಹಲುಬಿದ. ಆದರೂ ಅದೇ ವಾಡೆಯ ಬಂಡಿ ಹೊಡೆಯುವುದನ್ನು ಬಿಡಲಿಲ್ಲ. ನಮ್ಮಪ್ಪ ನಾಚಿಕೆ ಇಲ್ಲವೇ ಎಂದು ಬೈದ. ಬಿಟ್ಟುಹೋದರೆ ಗೌಡ ಕೈಗೆ ಸಿಗುವುದಿಲ್ಲ ಎಂಬುದು ಕಾಕಾನ ವಿಚಾರ. ದಿನಾ ಅವನ ಮುಖ ನೋಡಬೇಕು, ದಿನಾ ಉರಿಯಬೇಕು, ಒಂದು ದಿನ ಅವನಿಗೆ ಬರ್ಫವೇ ಬೇಕಾಗಬೇಕು, ಅದು ನನ್ನ ಕೈಯಲ್ಲೇ ಇರಬೇಕು. ಇದೊಂದೇ ಹಟ.

ನಲವತ್ತಮೂರರ ಮೇ ತಿಂಗಳು ಗೌಡ ಎದೆ ಹಿಡಿದುಕೊಂಡು ಸತ್ತ. ಒಬ್ಬನೇ ಮಗ ಹೈದರಾಬಾದಿನಲ್ಲಿ ವಕೀಲಿ ಓದುತ್ತಿದ್ದ. ಮಗ ಬಂದು ಮುಖ ನೋಡುವತನಕ ಮಣ್ಣು ಕೊಡಬೇಡಿ ಎಂದು ಹೇಳಿಯೇ ಗೌಡ ಕಣ್ಣು ಮುಚ್ಚಿದ್ದ. ಮಗನಿಗೆ ತಾರು, ತಂತಿ ಸುದ್ದಿ, ಹೋಯಿತು. ಬರಲು ಎರಡು ದಿನ ಬೇಕು. ಹೆಣವನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದರು. ಅದು ಕೆಡದಿರಲಿ ಎಂದು ವಾಡೆಯ ಕಾರಭಾರಿ ದೇವೀಂದ್ರಪ್ಪ ಸೊಲ್ಲಾಪುರಕ್ಕೂ ತಾರು ಹೊಡೆಸಿ ನಾಲ್ಕು ಗಡ್ಡೆ ಬರ್ಫ ತರಿಸಿದ. ಸಂಜೆಯವರೆಗೆ ಕಾಯಬೇಡ, ರೈಲು ಬಂದ ತಕ್ಷಣ ಹೊರಡು, ಹೊರಟ ಹೊತ್ತನ್ನು ಸ್ಟೇಷನ್ನಿನಲ್ಲಿ ಬರೆಸಿಕೊಂಡು ಬಾ ಎಂದು ಕಾಕಾನನ್ನು ಅಟ್ಟಿದ. ಅಂದರೆ ದಾರಿಯಲ್ಲಿ ತಡಮಾಡುವಂತಿಲ್ಲ. ಗಡ್ಡೆ ಬರಿದೇ ಬಿಸಿಲಿಗಿಟ್ಟರೂ ಅರ್ಧವಾದರೂ ಉಳಿಯುತ್ತದೆಂದು ಕಾಕಾನಿಗೆ ಗೊತ್ತು. ಆತನಿಗೆ ಅರ್ಧವೂ ಉಳಿಯಬಾರದಾಗಿತ್ತು.

ಇಂಜಿನ್ನಿನ ಬೂದಿ ತೆಗೆದು ಹಾಕುವ ತಿಪ್ಪೆಯಿಂದ ಒಂದು ಚೀಲ ಇದ್ದಲಿಮಸಿ ತುಂಬಿಕೊಂಡ. ಊರು ದಾಟಿದ್ದೇ ತಟ್ಟು ಎತ್ತಿ ಬಿಸಾಡಿ, ಗಡ್ಡೆಗಳನ್ನು ಕೊಡಲಿಯ ಹಿಂಬದಿಯಿಂದ ಒಡೆದು, ಹೊಟ್ಟಿನ ಮೇಲೆ ಹರವಿ, ಮಸಿ ಸುರಿದ. ಬೆಳ್ಳನೆಯ ಬರ್ಫ ಕರ್ರಗಾಯಿತು. ಹನ್ನೊಂದರ ಬಿಸಿಲು ಅದರೊಳಗೆ ಇಳಿಯತೊಡಗಿತು. ಎದುರಿಗೆ ಬಂದವನೊಬ್ಬ ಇದ್ದಲಿ ಯಾರಿಗೆ ಎಂದು ಕೇಳಿದ. ಗೌಡರಿಗೆ ಎಂದ ಕಾಕಾ. ಬಂಡಿಯ ತಳದಿಂದ ಕಪ್ಪು ನೀರು ಧೂಳಿಗೆ ಸುರಿಯುತ್ತಿದ್ದರೆ ಈತ ರುಮಾಲು ಬಿಚ್ಚಿಟ್ಟು ಬರಿದಲೆಯಲ್ಲಿ ಕೂತು ತಿರುತಿರುಗಿ ನೋಡುತ್ತಿದ್ದ. ಸಾಬವ್ವ ಹೋದ ಮೇಲೆ ಮೊದಲ ಸಲ ಹಾಡು ಗುನುಗಿದೆ ಎಂದು ನನಗೆ ಹೇಳಿದ್ದಾನೆ. ಊರಬಾಗಿಲ ಅಗಸಿ ಕಾಣುತ್ತಿದ್ದಂತೆ ಉಳಿದುದನ್ನು ಹೊಟ್ಟಿನಲ್ಲಿ ಮುಚ್ಚಿ ತಟ್ಟು ಹೊದಿಸಿದ.

ವಾಡೆಯಲ್ಲಿ ಆಗಲೇ ಲೋಬಾನದ ಹೊಗೆಗೂ ಮಣಿಯದ ವಾಸನೆ. ದೇವೀಂದ್ರಪ್ಪ ಹೊಟ್ಟು ಕೆದರಿದ. ಸಿಕ್ಕಿದ್ದು ತೆಂಗಿನಕಾಯಿಯಷ್ಟು ಒಂದು ಉಂಡೆ, ಮೈತುಂಬ ತೂತು. ಕಾಕಾ ಬೆನ್ನು ಗಟ್ಟಿಮಾಡಿಕೊಂಡು ನಿಂತ. ಬಾರುಕೋಲು ಬೀಳಲಿ, ಯಾಕೆ ಮಾಡಿದೆ ಎಂದು ಕೇಳಲಿ, ಆಗ ನಡುಮನೆಯಲ್ಲಿ ನಿಂತು ಹೇಳುತ್ತೇನೆ ಎಂದು. ದೇವೀಂದ್ರಪ್ಪ ಹಣೆ ಬಡಿದುಕೊಂಡು ಬಿಸಿಲನ್ನು ಬೈದ. ಇಂಥ ಉರಿಯಲ್ಲಿ ಬರ್ಫ ಹೇಗೆ ಉಳಿದೀತು, ಸೈದಪ್ಪನದೇನು ತಪ್ಪು ಎಂದುಬಿಟ್ಟ.

ಕಾಕಾನಿಗೆ ತಡೆಯಲಾಗಲಿಲ್ಲ. "ಬಿಸಲಲ್ರಿ, ನಾ ಕರಗಸೀನಿ. ಮಸಿ ಹಾಕಿ ಕರಗಸೀನಿ. ನಮ್ಮ ಸಾಬವ್ವನ ಸಲುವಾಗಿ" ಎಂದು ಚೀರಿದ.

ಮಸಿ ಹಾಕಿದರೆ ಬರ್ಫ ಕರಗುತ್ತದಂತೆ ಎಂದು ಜನ ಮುಖ ಮುಖ ನೋಡಿಕೊಂಡರು. ಒಳಗಿನಿಂದ ಗೌಡತಿ ಕಾಶಿಬಾಯಿ ಬಂದಳು. ಅತ್ತು ಅತ್ತು ಅವಳ ಮುಖ ಊದಿತ್ತು.

"ಯಾವ ಸಾಬವ್ವ?" ಎಂದು ಕೇಳಿದಳು.

ಯಾರಿಗೂ ನೆನಪಿರಲಿಲ್ಲ. ಒಬ್ಬರಿಗೂ! ಗೌಡತಿ ಕಾಕಾನ ಬರಿದಲೆ, ಕೆಂಡದಂಥ ಕಣ್ಣು ನೋಡಿ, ಇವನಿಗೆ ಬಿಸಿಲು ಬಡಿದಿದೆ, ನಮ್ಮ ಸಲುವಾಗಿ ಬಡಿಸಿಕೊಂಡಿದ್ದಾನೆ ಎಂದಳು. ಇಷ್ಟು ಬರ್ಫದಲ್ಲಿ ಹೆಣಕ್ಕೇನು ಆದೀತು, ಮಗನ ದಾರಿ ಕಾಯುವುದು ಬೇಡ, ರಾತ್ರಿಯಾದರೂ ಸರಿ, ಈಗಲೇ ಮಣ್ಣು ಕೊಡಿ ಎಂದಳು. ಆಮೇಲೆ ಆ ಉಂಡೆಯನ್ನು ಸೆರಗಿನಲ್ಲಿ ಒರೆಸಿ, ಇಬ್ಬರಿಗೆ ಕಾಕಾನ ತೋಳು ಹಿಡಿಯಲು ಹೇಳಿ, ತನ್ನ ಕೈಯಾರೆ ಅವನ ನೆತ್ತಿಯ ಮೇಲೆ ಇಟ್ಟಳು.

ಗೌಡನ ಮಗ ಮರುದಿನ ಬಂದು ಹಸಿಮಣ್ಣು ನೋಡಿ ಹೊರಳಾಡಿ ಅತ್ತ. ಕಾಕಾ ಬೇಡಿದ್ದು ಅದೇ, ಆಯಿತು. ಆದರೂ ಕಥೆಯನ್ನು ಆತ ಅಲ್ಲಿಗೆ ಎಂದೂ ಮುಗಿಸಲಿಲ್ಲ. ಪ್ರತಿ ಸಲ ತನ್ನ ನೆತ್ತಿ ಮುಟ್ಟಿಕೊಂಡು ಹಲ್ಲು ಕಡಿಯುತ್ತಿದ್ದ.

"ಒಂಬತ್ತ ವರ್ಷ ಹೊತ್ತೀನಿ, ಒಮ್ಮಿನೂ ತಲಿಮ್ಯಾಲ ಇಟಗೊಂಡಿದ್ದಿಲ್ಲ. ಎಷ್ಟ ತಂಪ ಇತ್ತಂತೀ ಅದು. ಸಾಬವ್ವ ಉಳೀತಿದ್ದಳು. ಖರೇನ ಉಳೀತಿದ್ದಳು."