ಕಲ್ಲು ಕಾಣಬೇಕು

ಬೆಳಗಿನ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಫೋಟೊ ವಾಪಸ್ ಬಂತು. ಕೆಟ್ಟದ್ದು ಅಲ್ಲಿಂದಲೇ ಶುರುವಾಯಿತು. ಸೇಡಂನ ತನ್ನ ಮನೆಯಲ್ಲಿ ಫ್ಯಾನಿನ ಕೆಳಗೆ ಕುಳಿತಿದ್ದ ಒಬ್ಬ ಮನುಷ್ಯ, ರಾವೂರ ಹತ್ತಿರದ ಪಾಳು ಕಲ್ಲುಗಣಿಯ ಬಳಿ ಬಿಸಿಲಲ್ಲಿ ನಿಂತಿದ್ದ ಹತ್ತು ಹನ್ನೆರಡು ಮಂದಿ ಶಿಕ್ಷಕರಿಗೆ ಮೊಬೈಲಿನಲ್ಲಿ ಬರೆದದ್ದು ಇಷ್ಟು: 'ಬ್ಯಾನರ್ ಚೆನ್ನಾಗಿ ಬಂದಿದೆ. ಕಲ್ಲು ಕಾಣುತ್ತಿಲ್ಲ. ಮತ್ತೊಮ್ಮೆ ತೆಗೆದು ಹಾಕಿ.'

ಆತ ನಮ್ಮ ಕಲಿಕಾ ಬಳಗದ ಸಂಚಾಲಕ. ನಮ್ಮಂತೆಯೇ ಶಿಕ್ಷಕ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಶಾಲೆಗಳವರು ಒಬ್ಬರಿಂದೊಬ್ಬರು ಕಲಿಯಲೆಂದು ಕಟ್ಟಿಕೊಂಡ ಬಳಗ ಅದು, ಹಾಗೆಂದು ಬ್ಯಾನರಿನ ಮೇಲೆ ಬರೆದಿತ್ತು. ನಾನು ಸೇರಿದ ಎರಡು ವರ್ಷಗಳಲ್ಲಿ ಅಲ್ಲಿ ಯಾರೂ ಯಾರಿಂದಲೂ ಏನನ್ನೂ ಕಲಿತದ್ದನ್ನು ಕಂಡಿಲ್ಲ. ತಿಂಗಳಿಗೊಂದು ಶನಿವಾರ ಆಯಾ ಕಡೆಯವರು ಬೇರೆ ಬೇರೆಯಾಗಿ ಸೇರುತ್ತಿದ್ದೆವು. ಉಪ್ಪಿಟ್ಟು ತಿನ್ನುತ್ತಿದ್ದೆವು. ದೊಡ್ಡವರೆಲ್ಲ ವೃತ್ತದಲ್ಲಿ ನಿಂತು ಚಪ್ಪಾಳೆ ಹೊಡೆಯುವ ಆಟ ಆಡುತ್ತಿದ್ದೆವು. ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡು ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ ಮೇಲೆ ಎಲ್ಲರ ಕಣ್ಣೂ ಬಸ್ಸಿನ ಕಡೆಗೆ.

ಗುಂಪಿನಲ್ಲಿ ಏನೇ ಬಂದರೂ ಕೈಮುಗಿದ ಚಿತ್ರ ಹಾಕುವುದು ಪದ್ಧತಿ. ಹಾಕದವರು ಸೊಕ್ಕಿನವರು. ಒಮ್ಮೆ ಒಬ್ಬ ಹಿರಿಯರು ಭಿನ್ನರಾಶಿ ಕಲಿಸುವ ಹೊಸ ವಿಧಾನವೆಂದು ವಿಡಿಯೊ ಹಾಕಿದರು. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ, ಉತ್ತರ ಐದನೇ ಎರಡು ಎಂದು ಬಣ್ಣದ ಚಾಕ್‌ಪೀಸಿನಲ್ಲಿ ಬರೆದು ತೋರಿಸಿದ್ದರು. ಅರ್ಧ ರೊಟ್ಟಿಗೆ ಇನ್ನೊಂದು ತುಂಡು ಸೇರಿಸಿದರೆ ಅದು ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆಂದು ಒಬ್ಬರೂ ಕೇಳಲಿಲ್ಲ. ಕೈಮುಗಿದ ಚಿತ್ರಗಳು, ಹೂಗುಚ್ಛಗಳು, 'ಮಾರ್ಗದರ್ಶಿ ಗುರುಗಳಿಗೆ ನಮನ' ದಿನವಿಡೀ ಬರುತ್ತಲೇ ಇದ್ದವು. ಕೊನೆಗೆ ನಾನು ಗುಂಪಿನಲ್ಲೇ ಕೇಳಿದೆ. ಸಂಚಾಲಕರು ಫೋನ್ ಮಾಡಿದರು.

"ಸರ್, ಹಿರಿಯರದು ಗುಂಪಿನಾಗ ತಗದು ತೋರಿಸಬಾರದ್ರಿ. ಪರ್ಸನಲ್ ಹೇಳ್ರಿ."

"ಪರ್ಸನಲ್ ಹೇಳಿದ್ರ ಉಳದವ್ರು ಹುಡುಗರಿಗೆ ತಪ್ಪೇ ಕಲಸ್ತಾರಲ್ರಿ."

"ಕಲಸಂಗಿಲ್ಲ ಬಿಡ್ರಿ," ಎಂದರು. "ಅದನ್ನ ಯಾರು ನೋಡ್ಯಾರ?"

ಆ ಬಳಗದಲ್ಲಿ ನಿಜವಾಗಿ ಏನನ್ನಾದರೂ ತಿಳಿದುಕೊಳ್ಳಬೇಕೆಂದಿದ್ದವರು ನಮ್ಮ ಶಾಲೆಯ ಅಕ್ಕೋರು ಒಬ್ಬರೇ. ಸಮಾಜ ವಿಜ್ಞಾನ ಅವರದು, ನಿವೃತ್ತಿ ಹತ್ತಿರವಿತ್ತು. ಮನೆ ಶಹಾಬಾದಿನಲ್ಲಿ. ಹುಟ್ಟಿದಾಗಿನಿಂದ ನೆಲಕ್ಕೆ ಹಾಸುವ ಆ ಊರಿನ ಕಲ್ಲಿನ ಮೇಲೆಯೇ ಕುಳಿತು, ಉಂಡು, ಮಲಗಿದವರು. ಅದು ಹಾಳೆ ಹಾಳೆಯಾಗಿ ಏಕೆ ಏಳುತ್ತದೆ, ಒಂದು ಪದರ ಬೂದು, ಇನ್ನೊಂದು ಕೆಂಪು ಏಕೆ ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಾಗ ಅವರಿಗೆ ಉತ್ತರ ಗೊತ್ತಿರಲಿಲ್ಲ. 'ನನಗೂ ಗೊತ್ತಿಲ್ಲವ್ವಾ, ಕೇಳ್ಕೊಂಡು ಬರ್ತೀನಿ' ಎಂದು ತರಗತಿಯಲ್ಲೇ ಹೇಳಿ ಬಂದಿದ್ದರು. ಪ್ರಶ್ನೆಯನ್ನು ಗುಂಪಿಗೆ ಹಾಕಿದರು. ಉತ್ತರವಾಗಿ ಕೈಮುಗಿದ ಚಿತ್ರಗಳು ಬಂದವು.

"ನಾ ಏನ್ ದೇವರೇನು ತಮ್ಮಾ?" ಎಂದು ನನ್ನನ್ನು ಕೇಳಿದರು. "ಕೇಳಿದ್ದಕ್ಕ ಹೇಳೋದು ಬಿಟ್ಟು ಕೈ ಮುಗೀಲಿಕತ್ತಾರ."

ಗಣಿಗೇ ಹೋಗಿ ನೋಡೋಣ ಎಂದದ್ದೂ ಅವರೇ. ಬಳಗ ಒಪ್ಪಿತು. ಹೊಸ ಜಾಗ, ಹೊಸ ಫೋಟೊ.

ಅಂದು ನಾವು ಮೊದಲ ಫೋಟೊವನ್ನು ರಸ್ತೆ ಪಕ್ಕದ ಬೇವಿನ ಮರದ ನೆರಳಲ್ಲಿ ತೆಗೆದಿದ್ದೆವು. ವಾಪಸ್ ಬಂದದ್ದು ಅದೇ. ಅಷ್ಟರಲ್ಲಿ ಚಿಂಚೋಳಿಯವರು ತಮ್ಮ ಸಭೆಯ ಫೋಟೊ ಹಾಕಿಯಾಗಿತ್ತು. ನಮ್ಮ ಕಡೆಯ ಮುಂದಾಳು, ವಾಡಿಯ ಒಬ್ಬ ಮಾಸ್ತರರು, ತಮ್ಮ ಮನೆತನದ ಮಾನವೇ ಹೋಯಿತು ಎಂಬಂತೆ ಓಡಾಡತೊಡಗಿದರು.

"ನಡೀರಿ ನಡೀರಿ, ದಂಡಿಗಿ ನಿಂದ್ರಿ. ಹಿಂದ ಕಲ್ಲು ಬರಬೇಕು. ಅಕ್ಕೋರೆ, ನಿಮ್ದೇ ಐಡಿಯಾ, ನೀವೇ ಹಿಡೀರಿ ಬ್ಯಾನರ್."

"ಮೊದಲ ನೋಡೂಣ್ರಿ, ಆಮ್ಯಾಲ ಫೋಟೊ," ಎಂದರು ಅಕ್ಕೋರು.

"ನೋಡೋದು ಇದ್ದೇ ಅದಲ್ರಿ. ಅದೇನ್ ಓಡಿ ಹೋಗ್ತದ?"

ಗಣಿಯ ಅಂಚೆಂದರೆ ಗಟ್ಟಿ ನೆಲವಲ್ಲ. ವರ್ಷಗಟ್ಟಲೆ ಬಿಸಾಡಿದ ಚೂರು ಕಲ್ಲಿನ ರಾಶಿ. ಕೆಳಗೆ ಎರಡಾಳು ಆಳದಲ್ಲಿ ಒಂದು ಕಿರಿದಾದ ಕಲ್ಲಿನ ಮೆಟ್ಟಿಲು, ಅದರಾಚೆ ಹಸಿರು ನೀರು. ಆ ನೀರಿನ ಆಳ ಯಾರಿಗೂ ಗೊತ್ತಿರಲಿಲ್ಲ. ಬ್ಯಾನರ್ ಎದೆಯಿಂದ ಮೊಣಕಾಲಿನವರೆಗೆ ಬರುತ್ತಿತ್ತು, ಹಿಡಿದವರಿಗೆ ತಮ್ಮ ಕಾಲೇ ಕಾಣದು. ಎಡತುದಿ ಅಕ್ಕೋರ ಕೈಯಲ್ಲಿ, ಅವರ ಪಕ್ಕದಲ್ಲಿ ನಾನು. ಎದುರಿಗೆ ಮಾಸ್ತರರು ಮೊಬೈಲ್ ಹಿಡಿದು ಮಂಡಿಯೂರಿದ್ದರು.

"ಇನ್ನ ಜರಾ ಹಿಂದ. ಜರಾ. ಹಾಂ, ನಗ್ರಿ."

ಗಾಳಿ ಬಂತು. ಪ್ಲಾಸ್ಟಿಕ್ ಬ್ಯಾನರ್ ಹೊಟ್ಟೆ ಉಬ್ಬಿಸಿಕೊಂಡು ನಮ್ಮನ್ನು ಹಿಂದಕ್ಕೆ ತಳ್ಳಿತು. ಕೈ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ನಮ್ಮ ಬಳಗದಲ್ಲಿ ಬ್ಯಾನರ್ ನೆಲಕ್ಕೆ ಬೀಳುವುದು ದೊಡ್ಡ ಅಪಚಾರ. ಅಕ್ಕೋರು ಇನ್ನೂ ಬಿಗಿಯಾಗಿ ಹಿಡಿದರು. ಅವರ ಹಿಮ್ಮಡಿಯ ಕೆಳಗೆ ಕಲ್ಲು ಜಾರಿದ ಸದ್ದು ನನಗೆ ಕೇಳಿಸಿತು, ಬಳೆಗಳ ಗಂಟು ಬಿಚ್ಚಿದಂಥ ಸದ್ದು. ಅವರು ಚೀರಲಿಲ್ಲ. 'ತಮ್ಮಾ' ಎಂದರು, ಬಾಗಿಲಲ್ಲಿ ನಿಂತು ಕರೆದ ಹಾಗೆ. ತಿರುಗಿದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಬ್ಯಾನರ್ ಹರಿಯಲಿಲ್ಲ. ಅದರ ಒಂದು ಕೊನೆ ಅವರ ಕೈಯಲ್ಲೇ ಇತ್ತು. ನಾನು ಅಂಗಾತ ಬಿದ್ದು ಇನ್ನೊಂದು ಬದಿಯನ್ನು ಎದೆಗೆ ಸುತ್ತಿಕೊಂಡೆ. ಒಂದು ಕ್ಷಣ ಅವರ ಭಾರವೆಲ್ಲ ನನ್ನ ಕೈಯಲ್ಲಿತ್ತು, ಆಮೇಲೆ ಹಗುರಾಯಿತು. ಆ ಹಗುರವೇ ಇವತ್ತಿಗೂ ನನ್ನ ಕೈಗೆ ಬರುತ್ತದೆ. ಅವರು ಕೆಳಗಿನ ಮೆಟ್ಟಿಲಿನ ಮೇಲೆ ಬಿದ್ದಿದ್ದರು, ನೀರಿಗಿಂತ ಒಂದು ಮೊಳ ಈಚೆಗೆ. ಬಲಗಾಲು ಮುರಿದಿತ್ತು. ಮೇಲೆ ಮಾಸ್ತರರು ಮೊಬೈಲನ್ನು ಇನ್ನೂ ಮುಖದ ಮಟ್ಟಕ್ಕೇ ಹಿಡಿದುಕೊಂಡಿದ್ದರು.

ಇಬ್ಬರು ಸುತ್ತು ಹಾಕಿ ಇಳಿದು ಅವರನ್ನು ಎತ್ತಿಕೊಂಡು ಬಂದರು. ಆಸ್ಪತ್ರೆ, ಪ್ಲಾಸ್ಟರ್, ಅದೆಲ್ಲ ಆಯಿತು. ಸಂಜೆ ಗುಂಪು ತೆರೆದು ನೋಡಿದರೆ ಫೋಟೊ ಬಂದಿತ್ತು. ಗಾಳಿ ಬರುವ ಮುಂಚಿನದು. ಎಲ್ಲರೂ ನಗುತ್ತಿದ್ದೇವೆ, ಹಿಂದೆ ಕಲ್ಲು ಚೆನ್ನಾಗಿ ಕಾಣುತ್ತಿದೆ. ಕೆಳಗೆ 'ಕ್ಷೇತ್ರ ಭೇಟಿ ಯಶಸ್ವಿ'. ನಾನು ಬರೆದೆ: 'ಈ ಫೋಟೊ ತೆಗೆಯುವಾಗ ಅಕ್ಕೋರು ಗಣಿಗೆ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ನೀರಿಗೆ ಬಿದ್ದಿದ್ದರೆ ಸಾಯುತ್ತಿದ್ದರು.' ಅದಕ್ಕೂ ಕೈಮುಗಿದ ಚಿತ್ರ ಹಾಕಿದರು. ಒಬ್ಬರು ಹೂಗುಚ್ಛ ಹಾಕಿದ್ದರು. ಓದದೆ ಹಾಕಿದರೋ ಓದಿ ಹಾಕಿದರೋ ನಾನು ವಿಚಾರಿಸಲಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಅಸಹ್ಯವೆಂದು ಈಗಲೂ ತೀರ್ಮಾನಿಸಲಾಗಿಲ್ಲ. ಬೆಳಗಾಗುವಷ್ಟರಲ್ಲಿ ನನ್ನ ಮಾತನ್ನು ಅಳಿಸಿಹಾಕಿದ್ದರು.

ಅಂದಿನಿಂದ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಆ ಹಿಮ್ಮಡಿ, ಆ ಸದ್ದು.

ಪ್ರತಿ ಭಾನುವಾರ ವಾಡಿಯಿಂದ ಶಹಾಬಾದಿಗೆ ಹೋಗಿ ಅಕ್ಕೋರನ್ನು ನೋಡಿ ಬರುತ್ತಿದ್ದೆ. ಮೂಳೆ ಕೂಡುತ್ತಿತ್ತು, ಮನಸ್ಸು ಕೂಡುತ್ತಿರಲಿಲ್ಲ.

"ನಾ ಇನ್ನ ಸಾಲಿಗಿ ಬರಂಗಿಲ್ಲ ತಮ್ಮಾ," ಎಂದರು ಒಂದು ದಿನ. "ಇರೋ ದಿನ ರಜಾ ಹಾಕಿ ಕೈ ತೊಳ್ಕೋತೀನಿ. ಹಲಗಿ ಕಡೀಗಿ ತಿರುಗಿ ನಿಂತ್ರ ಹಿಂದ ನೆಲ ಅದನೋ ಇಲ್ಲೋ ಅನಸ್ತದ."

"ಹುಡುಗಿಗಿ ಉತ್ತರ ಹೇಳ್ತೀನಿ ಅಂದಿದ್ರಿ."

"ಗೂಗಲ್ ಮಾಡ್ಕೋತಾಳ, ಬಿಡು."

ಇಷ್ಟು ವರ್ಷ ಪಾಠ ಮಾಡಿದವರು ಹೀಗೆ ಹೆದರಿಕೊಂಡು ಹೊರಟುಹೋಗುವುದು ಅವರು ಗಣಿಗೆ ಬಿದ್ದದ್ದಕ್ಕಿಂತ ಕೆಟ್ಟದಾಗಿ ನನಗೆ ಕಂಡಿತು. ಬಳಗಕ್ಕೆ ಅದೂ ಗೊತ್ತಾಗುತ್ತಿರಲಿಲ್ಲ. ಅವರು ನಿವೃತ್ತರಾದರೆ ಶಾಲು ಹೊದಿಸಿ ಫೋಟೊ ಹಾಕುತ್ತಿದ್ದರು.

ಆಮೇಲೊಂದು ದಿನ ಚಿಂಚೋಳಿ ಕಡೆಯ ಒಬ್ಬ ಶಿಕ್ಷಕನ ಫೋನ್ ಬಂತು. ನಾನು ಅವನನ್ನು ಕಂಡಿರಲಿಲ್ಲ. ಅಳಿಸುವ ಮುಂಚೆ ನನ್ನ ಮಾತು ಓದಿದ್ದನಂತೆ.

"ಸರ್, ನಮ್ಮ ಹುಡುಗರಿಗಿ ಚಂದ್ರಂಪಳ್ಳಿ ಡ್ಯಾಮಿಗಿ ಕರ್ಕೊಂಡು ಹೋಗ್ಲಿಕತ್ತೀನ್ರಿ. ಅವತ್ತು ನಿಮ್ಮ ಕಡಿ ಏನ್ ತಪ್ಪಾಯ್ತು, ಬರೋಬರಿ ಹೇಳ್ರಿ. ನನಗ ಭಾಳ ಹೆದರಿಕಿ ಅದ."

ಅಕ್ಕೋರದನ್ನು ಬಿಟ್ಟರೆ ಆ ಬಳಗದವರ ಬಾಯಿಂದ ನನ್ನ ಕಿವಿಗೆ ಬಿದ್ದ ಮೊದಲ ನಿಜವಾದ ಪ್ರಶ್ನೆ ಅದು. ಬಿದ್ದವರನ್ನೇ ಕೇಳು ಎಂದು ಅವನನ್ನು ಶಹಾಬಾದಿಗೆ ಕರೆಸಿದೆ. ಬಸ್ಸಿಳಿದು ಬಂದವನು ಅಕ್ಕೋರ ಮಂಚದ ಪಕ್ಕ ನೆಲಕ್ಕೆ ಕುಳಿತು, ಸಮಾಧಾನದ ಒಂದು ಮಾತೂ ಆಡದೆ, ಎಲ್ಲಿ ನಿಂತಿದ್ದಿರಿ, ಕಾಲು ಹೇಗಿತ್ತು, ಬ್ಯಾನರ್ ಯಾಕೆ ಬಿಡಲಿಲ್ಲ ಎಂದು ಕೇಳತೊಡಗಿದ. ನನಗೆ ಸಿಟ್ಟು ಬಂತು. ಅಕ್ಕೋರಿಗೆ ಬರಲಿಲ್ಲ.

"ಮೂರ್ಖತನ, ಮತ್ತೇನು," ಎಂದರು. "ನೀ ಹುಡುಗರ ಹಿಂದ ನಿಂದ್ರಬ್ಯಾಡ, ಹುಡುಗರಿಗೂ ನೀರಿಗೂ ನಡಕ ನಿಂದ್ರು. ಎಷ್ಟು ಮಂದಿ ದೊಡ್ಡವರು ಬರ್ತೀರಿ?"

"ಇಬ್ಬರೇ ರಿ."

"ಹಂಗಾರ ಅರ್ಧ ಹುಡುಗರಿಗಿ ಒಂದಿನ, ಅರ್ಧ ಹುಡುಗರಿಗಿ ಇನ್ನೊಂದಿನ."

"ಎರಡ್ ದಿನ ಬಸ್ ಯಾರ್ ಕೊಡ್ತಾರ್ರಿ ಅಕ್ಕೋರೆ?"

"ಕೊಡಂಗಿಲ್ಲಂದ್ರ ಹೋಗಬ್ಯಾಡ. ಫೋಟೊ ಬೇಕಂದ್ರ ಬಸ್ಸಿನಾಗ ಕುಂದ್ರಿಸಿ ತಗಿ."

ಅವನು ವಾದಿಸಿದ, ಅವರು ಬೈದರು. ಎರಡು ಸಲ ಚಹಾ ಬಂತು. ಅವನು ಎರಡು ದಿನ ಮಾಡಿಯೇ ಹುಡುಗರನ್ನು ಕರೆದೊಯ್ದ. ಬಂದ ಮೇಲೆ ಅಕ್ಕೋರಿಗೆ ಫೋನ್ ಮಾಡಿ, ಎಲ್ಲ ಸರಿಯಾಯಿತು ಎನ್ನಲಿಲ್ಲ. ಒಬ್ಬ ಹುಡುಗ ಚಪ್ಪಲಿ ಹಿಡಿಯಲು ನೀರಿಗೆ ಬಗ್ಗಿದ್ದನ್ನು ತಾನು ತಡವಾಗಿ ನೋಡಿದೆ, ಏನು ಮಾಡಬೇಕಿತ್ತು ಎಂದು ಕೇಳಿದ. ಇಬ್ಬರೂ ಬಹಳ ಹೊತ್ತು ಮಾತಾಡಿದರಂತೆ. ಬಳಗದ ಗುಂಪಿನಲ್ಲಿ ಇದರ ಒಂದಕ್ಷರವೂ ಇಲ್ಲ. ಅಲ್ಲಿ ಆ ವಾರ ಯಾರದೋ ಹುಟ್ಟುಹಬ್ಬವಿತ್ತು.

ಮುಂದಿನ ಸೋಮವಾರ ಅಕ್ಕೋರು ಕೋಲೂರಿಕೊಂಡು ಶಾಲೆಗೆ ಬಂದರು. ತಾವು ಪಾಠ ಮಾಡಲಿಲ್ಲ. ಅವರಿಲ್ಲದಾಗ ಏಳನೆಯ ತರಗತಿಯನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಅವರು ಹಿಂದಿನ ಬೆಂಚಿನಲ್ಲಿ ಗೋಡೆಗೆ ಒರಗಿ ಕುಳಿತರು. ಹಳೆಯ ಕಾಲದ ಸಮುದ್ರದ ತಳದಲ್ಲಿ ಕೆಸರು ಪದರ ಪದರವಾಗಿ ಕೂತು ಕಲ್ಲಾದದ್ದನ್ನು ನಾನು ಹೇಳಿದೆ. ಬಣ್ಣದ ವಿಷಯ ಬಂದಾಗ ಕಬ್ಬಿಣ ಹೆಚ್ಚಿದ್ದ ಕಡೆ ಕೆಂಪು ಎಂದು ಹೇಳಿ, ಹಲಗೆಯ ಮೇಲೆ ಬರೆದು ಮುಗಿಸಿದೆ. ಗಂಟೆ ಹೊಡೆಯಿತು, ಮಕ್ಕಳು ಹೊರಗೋಡಿದರು.

"ತಮ್ಮಾ, ಬೂದು ಕಲ್ಲಿನಾಗ ಕಬ್ಬಿಣ ಇಲ್ಲೇ ಇಲ್ಲೇನು?" ಎಂದರು ಅಕ್ಕೋರು.

"ಇರಬಹುದ್ರಿ. ನನಗ ಪೂರ್ತಿ ಗೊತ್ತಿಲ್ಲ."

"ಗೊತ್ತಿಲ್ಲಂದ್ರ ಹಂಗ ಹುಡುಗರ ಮುಂದ ಯಾಕ ಹೇಳಲಿಲ್ಲ? ಮುಗದೇ ಹೋಯ್ತು ಅನ್ನಂಗ ಹೇಳಿದಿ. ನಾಳಿ ನಾನೇ ತಗೋತೀನಿ ಈ ಕ್ಲಾಸು."

ಅವರು ಎದ್ದು ಹಲಗೆಯ ತನಕ ಬಂದರು. ಖಾಲಿ ಬೆಂಚುಗಳಿಗೆ ಬೆನ್ನು ಮಾಡಿ ನಿಂತು ನನ್ನ ವಾಕ್ಯವನ್ನು ಒರೆಸಿದರು, ನಿಧಾನವಾಗಿ, ಒಂದು ಕೈಯಲ್ಲಿ ಕೋಲು ಹಿಡಿದು. ಒಮ್ಮೆ ತಿರುಗಿ ಹಿಂದಿನ ನೆಲವನ್ನು ನೋಡಿಕೊಂಡರು, ಮತ್ತೆ ಒರೆಸಿದರು.

ಎಷ್ಟೋ ವಾರಗಳ ಮೇಲೆ, ಆ ಸೋಮವಾರ ರಾತ್ರಿ ಮಲಗಿದ ನಾನು ಮಂಗಳವಾರ ಬೆಳಗಿನ ತನಕ ಏಳಲಿಲ್ಲ.