ಹುತ್ತದ ಅಣಬೆಯ ಸಾರು

ನನಗೆ ಅಣಬೆಯ ಮೇಲೆ ಸಿಟ್ಟಿತ್ತು. ನಿಜ ಹೇಳಬೇಕೆಂದರೆ ಸಿಟ್ಟಿದ್ದದ್ದು ಅವ್ವನ ಮೇಲೆ.

ಎಪ್ಪತ್ತರ ದಶಕದ ಕೊನೆ. ನಾನು ಮಾನ್ವಿಯಲ್ಲಿ ಶಾಲೆಯ ಟೀಚರ್ ಆಗಿದ್ದೆ. ದೇವದುರ್ಗದಲ್ಲಿ ಅವ್ವನ ಜೊತೆಗಿದ್ದ ತಂಗಿಗೆ ಕೆಮ್ಮು ಹತ್ತಿತು. ರಾಯಚೂರಿಗೆ ಕರೆದೊಯ್ದು ಎದೆಯ ಎಕ್ಸ್‌ರೇ ತೆಗೆಸಿದರೆ ಕ್ಷಯ ಎಂದರು. ಎರಡು ತಿಂಗಳು ಇಂಜೆಕ್ಷನ್, ವರ್ಷಕ್ಕೂ ಮೇಲ್ಪಟ್ಟು ಮಾತ್ರೆ. ದೇವದುರ್ಗದಲ್ಲೇ ಬಿಟ್ಟರೆ ಅವ್ವ ಬರೀ ಗುಡಿಯ ಅಂಗಾರ ಹಣೆಗೆ ಹಚ್ಚುತ್ತ ಕೂತಾಳೆಂದು ಹೆದರಿ ತಂಗಿಯನ್ನು ನನ್ನ ಮನೆಗೆ ಕರೆತಂದೆ. ಅವ್ವ ಮುಂದಿನ ಬಸ್ಸಿಗೇ ಬಂದಳು, ಕೈಯಲ್ಲಿ ಒಣಗಿದ ಅಣಬೆಯ ಸರ ಹಿಡಿದು.

ಮಳೆ ಬಿದ್ದಾಗ ಹುತ್ತದ ಬುಡದಲ್ಲಿ ಏಳುವ ಅಣಬೆ ಅದು. ಅವ್ವ ಚಪ್ಪಲಿ ಬಿಟ್ಟು ಹೋಗಿ, ಮೊದಲನೆಯದನ್ನು ನಾಗಪ್ಪನಿಗೆಂದು ಅಲ್ಲೇ ಬಿಟ್ಟು, ಉಳಿದವನ್ನು ಕಿತ್ತು ತಂದು ದಾರಕ್ಕೆ ಪೋಣಿಸುತ್ತಿದ್ದಳು. ಜ್ವರದಿಂದ ಎದ್ದವರಿಗೆ ನಮ್ಮ ಮನೆಯಲ್ಲಿ ಅದರದೇ ಸಾರು. ಮಾನ್ವಿಯಲ್ಲೂ ದಿನಾ ಸಂಜೆ ಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿ ಕುದಿಸಿದಳು. ತಂಗಿ ಬಟ್ಟಲು ಹಿಡಿದು ಮೂಲೆಯಲ್ಲಿ ಕೂತು ಕುಡಿಯುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

"ಯವ್ವಾ, ನಾಯಿಕೊಡಿ ಸಾರು ಕುಡಿದ್ರ ಕ್ಷಯ ಹೋಗ್ತದೇನು?" ಎಂದು ಕೇಳಿಯೇಬಿಟ್ಟೆ.

"ಹೋಗ್ತದಂತ ನಾ ಅಂದೀನೇನು? ಮೈಯಾಗ ತಾಕತ್ತಿದ್ರ ಔಷಧ ಹಿಡೀತದ," ಎಂದಳು ಅವ್ವ.

ಒಳ್ಳೆಯ ಮಾತು. ಆದರೆ ಕೇಳಿಸಿಕೊಳ್ಳುವ ಜಾಯಮಾನ ನನ್ನದಲ್ಲ. ಇಂಜೆಕ್ಷನ್ ಮುಗಿದು ಅವ್ವ ದೇವದುರ್ಗಕ್ಕೆ ಹೋದ ದಿನವೇ ಸರವನ್ನು ತಿಪ್ಪೆಗೆ ಎಸೆದೆ.

"ಇನ್ನ ಡಾಕ್ಟರ್ ಹೇಳಿದ್ದಷ್ಟೇ ನಡೀತದ," ಎಂದೆ. ತಂಗಿ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು. ಮನೆಯಲ್ಲಿ ಓದಿದವಳು ನಾನೊಬ್ಬಳೇ. ನನಗೆ ಯಾರೂ ಎದುರಾಡುತ್ತಿರಲಿಲ್ಲ.

ಮೂರ್ನಾಲ್ಕು ತಿಂಗಳಲ್ಲಿ ಜ್ವರ ಮರಳಿತು. ಒಂದು ಭಾನುವಾರ ಹಾಸಿಗೆಯನ್ನು ಬಿಸಿಲಿಗೆ ಹಾಕಲೆಂದು ಅವಳ ಕೌದಿ ಜಾಡಿಸಿದೆ. ಹೊಲಿಗೆ ಬಿಚ್ಚಿದ ಮೂಲೆಯಿಂದ ಮಾತ್ರೆಗಳು ಉದುರಿದವು. ಅಂಗಳದ ತುಂಬ ಮಾತ್ರೆ.

"ಯಾಕ ನುಂಗಲಿಲ್ಲ?"

"ನೀರಾಗ ನುಂಗಿದ್ರ ವಾಂತಿ ಆಗ್ತದಕ್ಕ. ಅವ್ವನ ಸಾರಿನಾಗ ಅಷ್ಟೇ ಒಳಗ ನಿಲ್ತಿದ್ವು. ನಿನಗ ಹೇಳಾಕ ಅಂಜಿಕಿ ಬಂತು," ಎಂದಳು ತಂಗಿ.

ಮತ್ತೆ ರಾಯಚೂರು. ಮತ್ತೆ ಇಂಜೆಕ್ಷನ್, ಈ ಸಲ ಇನ್ನೂ ಹೆಚ್ಚು ತಿಂಗಳು. ಆ ಇಂಜೆಕ್ಷನ್ನಿನಿಂದ ಕಿವಿಗೆ ಪೆಟ್ಟು ಬೀಳಬಹುದು, ಆದರೆ ಜೀವ ಉಳಿಯಲು ಬೇರೆ ದಾರಿಯಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವ್ವ ಹೊಸ ಸರ ತಂದಳು. ಹಳೆಯದು ಏನಾಯಿತೆಂದು ಕೇಳಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು. ಸಾರು ನಾನೇ ಕುದಿಸಿದೆ, ಒಂದೊಂದು ಮಾತ್ರೆಯನ್ನೂ ಎದುರಿಗೆ ಕೂತು ನುಂಗಿಸಿದೆ. ತಂಗಿ ಉಳಿದಳು. ಕಿವಿ ಉಳಿಯಲಿಲ್ಲ.

ಎಂಬತ್ತರ ದಶಕದ ನಡುವೆ ಮತ್ತೊಮ್ಮೆ ಎಕ್ಸ್‌ರೇ ತೋರಿಸಲು ಹೋದಾಗ ಡಾಕ್ಟರಿಗೆ ಅಣಬೆಯ ವಿಷಯ ತೆಗೆದೆ. ಅವರು ನಕ್ಕುಬಿಡಲಿ ಎಂಬ ಆಸೆಯಿತ್ತು. ನಗಲಿಲ್ಲ.

"ಕೆಲವು ಅಣಬಿಯೊಳಗ ಸಕ್ಕರಿ ಜಾತಿಯ ಪದಾರ್ಥ ಅದಂತರೀ. ರಕ್ತದಾಗಿನ ಬಿಳಿ ಕಣಗಳನ್ನ ಎಚ್ಚರ ಮಾಡಬಹುದೇನೋ ಅಂತ ಹೊರದೇಶದಾಗ ನೋಡಾಕತ್ಯಾರ. ನಿಮ್ಮ ಹುತ್ತದ ಅಣಬಿ ಸುದ್ದಿ ನನಗ ಗೊತ್ತಿಲ್ಲ. ಆದ್ರ ಕ್ಷಯದ ಕ್ರಿಮಿ ಸಾಯೋದು ಮಾತ್ರಿಯಿಂದನ."

ಅವ್ವ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ತಂಗಿ ಈಗಲೂ ನನ್ನ ಜೊತೆಗಿದ್ದಾಳೆ. ಅವಳಿಗೆ ಊಟಕ್ಕೆ ಬಾ ಎಂದರೂ ಓಣಿಗೆಲ್ಲ ಕೇಳುತ್ತದೆ, ಅಷ್ಟು ಜೋರಾಗಿ ಕೂಗಬೇಕು. ಬರೆದು ತೋರಿಸೋಣವೆಂದರೆ ಅವಳಿಗೆ ಓದು ಬಾರದು. ನನ್ನಿಂದ ತಪ್ಪಾಯಿತು ಎಂಬ ಒಂದು ಮಾತನ್ನು ನಾನಿನ್ನೂ ಕೂಗಿಲ್ಲ.