ಘೋಡಗೇರಿಗೆ ಬಾರದ ಕಾಗೆ

ಮೊನ್ನೆ ಬಾಜೂ ಮನೆಯವರು ಕೂಸಿನ ನೆತ್ತಿಗೆ ಔಡಲೆಣ್ಣೆ ತಟ್ಟುತ್ತಿದ್ದರು. ಆ ಜಿಡ್ಡು ವಾಸನೆ ಮೂಗಿಗೆ ಬಡಿದದ್ದೇ ತಡ, ಘೋಡಗೇರಿಯ ನಮ್ಮ ಪಡಸಾಲೆ, ಅಕ್ಕನ ಕೈ, ಆ ಕೈ ಹಿಡಿದು ಕೂತ ಬಳೆಗಾರ ಮುದುಕಿ... ಎಲ್ಲ ಎದ್ದು ಬಂದವು. ಬಿಗಿ ಬಳೆ ಏರಿಸುವ ಮೊದಲು ಆಕೆ ನಮ್ಮ ಕೈಗೆ ಆ ಎಣ್ಣೆ ಸವರುತ್ತಿದ್ದಳು.

ನಾವೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದೆವು. ಇಂಗ್ಲಿಷರ ಕಾಲ. ಆಕೆಯ ಊರು ಮೂಡಲಗಿ. ಬಳೆ ಹೊತ್ತು ಗೋಕಾಕ, ಹುಕ್ಕೇರಿ ಎಂದು ತಿರುಗುವಳು. ಗಂಡಸರು ಹೊಲಕ್ಕೆ ಹೋದ ಮೇಲೆ ಬಂದು ಹೆಂಗಸರನ್ನು ನಗಿಸುವಳು. ತಿಂಗಳ ಆ ಸಂಗತಿಗೆ ಯಾರ ಮನೆಯಲ್ಲಿ ಏನನ್ನುತ್ತಾರೆ ಎಂಬುದೇ ಆಕೆಯ ದೊಡ್ಡ ಬಂಡವಾಳ.

"ನಾವು ಕಾಗಿ ಮುಟ್ಟೈತಿ ಅಂತೀವಿ. ಗೋಕಾಕದ ಮರಾಠಿ ಮಂದೀನೂ ಕಾವಳಾ ಶಿವಲಾ ಅಂತಾರ. ಅದ ಕಾಗಿ, ಅಲ್ಲಿಗೂ ಹಾರೈತಿ! ಠೇಸನ್ ಮಾಸ್ತರನ ಹೆಂಡತಿ ಮದ್ರಾಸಿನಾಕಿ. ಎದುರಿಗೇ ಕುಂತು 'ನಾ ದೂರ ಅದೀನಿ' ಅಂತಾಳ. ಸಾಹೇಬನ ಮಡಮ್ಮಗ ತಿಂಗಳಾ ಗೆಳತಿ ಬರ್ತಾಳಂತ. ಅಕೀಗಿ ಚಾ ಕೊಡ್ತಾರೋ ಇಲ್ಲೋ, ಅಡಗಿಯಾಂವನ್ನ ಕೇಳಬೇಕು!"

ನನಗೆ ಅರ್ಥವಾಗುತ್ತಿರಲಿಲ್ಲ. ಮಾಳಿಗೆಯ ಮೇಲೆ ಕಾಗೆ ಕೂತರೆ ಸಾಕು, ತಲೆ ಮುಚ್ಚಿಕೊಂಡು ಒಳಗೆ ಓಡುತ್ತಿದ್ದೆ.

ಅಕ್ಕನಿಗೆ ಸಣ್ಣವಳಿದ್ದಾಗಲೇ ಹುಕ್ಕೇರಿಗೆ ಮದುವೆಯಾಗಿತ್ತು. ಮೈನೆರೆದ ಕೂಡಲೇ ಕಳಿಸುತ್ತೇವೆಂದು ಅಪ್ಪ ಬೀಗರಿಗೆ ಮಾತು ಕೊಟ್ಟಿದ್ದ. ಆದರೆ ನಾಗನೂರಿನಲ್ಲಿ ಸೋದರಮಾವನ ಮಗಳು, ಅಕ್ಕನ ಓರಗೆಯವಳು, ಹಿಂದಿನ ವರ್ಷವಷ್ಟೇ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅಕ್ಕನಿಗೆ ಕಾಗೆ ಮುಟ್ಟಿದ ದಿನ ಅವ್ವ ಆರತಿ ಎತ್ತಲಿಲ್ಲ. ನನ್ನ ರಟ್ಟೆ ಹಿಡಿದು, "ಯಾರ ಮುಂದರ ಬಾಯಿ ಬಿಟ್ಟೀ, ನೋಡು. ನಿಮ್ಮಪ್ಪನ ಮುಂದೂ ಅನಬ್ಯಾಡ. ಇನ್ನೊಂದು ವರ್ಷ ಇರಲಿ ಅಕಿ" ಎಂದಳು. ನಮ್ಮದು ಲಿಂಗ ಕಟ್ಟಿದ ಮನೆ, ಹೊರಗೆ ಕೂಡುವ ಪದ್ಧತಿಯಿರಲಿಲ್ಲ. ಹಾಗಾಗಿ ಗುಟ್ಟು ಉಳಿಯಿತು.

ಆಯಿ ಬಂದಳು. ಅಕ್ಕನ ಕೈಗೆ ಎಣ್ಣೆ ಸವರಿ, ಹಿಚುಕಿ, ಮುಖ ನೋಡಿದಳು. ಹಿತ್ತಲಲ್ಲಿ ಸೀರೆಯ ಮರೆಗೆ ಒಣಹಾಕಿದ್ದ ಅರಿವೆಯ ಕಡೆಗೂ ಆಕೆಯ ಕಣ್ಣು ಹೋಯಿತು.

"ಹ್ವಾದ ಸಲದ ಅಳತಿ ಬಳಿ ಏರವಲ್ಲವು. ಯಾಕಬೇ ತಂಗಿ, ಈ ಕಡೆ ಕಾಗಿ ಹಾರ್ಯಾಡಾಕತ್ತಾವೇನ?"

"ನಮ್ಮ ಮನೀಗಿ ಯಾ ಕಾಗೀನೂ ಬಂದಿಲ್ಲ" ಎಂದಳು ಅವ್ವ.

ಆಯಿ ನಕ್ಕಳು. "ಆತು ಬಿಡು. ನಾಳಿ ಹುಕ್ಕೇರಿಗಿ ಹೊಂಟೇನಿ. ನಿಮ್ಮ ಬೀಗರ ಮನೀಗೂ ಹೋಗ್ತೀನಿ. ಏನರ ಹೇಳೂದೈತೇನ?"

ಆ ನಗುವೇ ಅವ್ವನನ್ನು ಸುಟ್ಟಿತು. ಮೊರದ ತುಂಬ ಜೋಳ ಸುರಿದು ಕಳಿಸಿದಳು. ಆಕೆ ಮರೆಯಾಗುವವರೆಗೂ ಬಾಗಿಲಲ್ಲಿ ನಿಂತು, "ಬೀಗತಿನ ಕಳಿಸ್ಯಾಳ ಇಕೀನ್ನ. ಚಾಡಿಖೋರ ಮುದುಕಿ" ಎಂದಳು. ಅಂದಿನಿಂದ ಹುಕ್ಕೇರಿ ಹಾದಿಯಲ್ಲಿ ಚಕ್ಕಡಿ ಸದ್ದಾದರೆ ಅವ್ವನ ಕೈಯ ರೊಟ್ಟಿ ಹರಿಯುತ್ತಿತ್ತು. ನೀರಿಗೆ ಬಂದ ನೆರೆಯವಳು ಅಕ್ಕನನ್ನು ತುಸು ಹೊತ್ತು ನೋಡಿದರೂ ಅನುಮಾನ. ಕೊನೆಗೆ ನನ್ನನ್ನೂ ಗದರಿಸಿ ಕೇಳಿದಳು, "ನೀ ಏನರ ಅಂದಿ?"

ಚಕ್ಕಡಿ ಬರಲಿಲ್ಲ. ಆಯಿ ಮತ್ತೆ ಬಂದಾಗ ಅವ್ವ ಬಾಗಿಲ ಚಿಲಕ ಹಾಕಿದಳು. "ಯವ್ವಾ, ಬಳಿ..." ಎಂದು ಎರಡು ಸಲ ಕೂಗಿ, ಆಯಿ ಸುಮ್ಮನೆ ಹೋದಳು. ಆಮೇಲೆ ಆಕೆ ನಮ್ಮ ಓಣಿಗೆ ಬರಲಿಲ್ಲ.

ವರ್ಷ ದಾಟಿದ ಮೇಲೆ ಅವ್ವ ತಾನೇ ಅಪ್ಪನಿಗೆ ಸುದ್ದಿ ಹೇಳಿ, ಆರತಿ ಮಾಡಿ, ಅಕ್ಕನನ್ನು ಕಳಿಸಿಕೊಟ್ಟಳು. ಪಂಚಮಿಗೆ ತವರಿಗೆ ಬಂದ ಅಕ್ಕ ಅತ್ತೆ ಆಡಿದ ಮಾತನ್ನು ಹೇಳಿದಳು. ಅತ್ತೆಗೆ ಅನುಮಾನ ಇದ್ದದ್ದು ಖರೆ. ಸೊಸೆ ದೊಡ್ಡವಳಾಗಿದ್ದಾಳೋ ಇಲ್ಲವೋ ನೋಡಿ ಬಾ, ಸೀರೆ ಉಡಿಸುತ್ತೇನೆ ಎಂದು ಆಯಿಯನ್ನು ಕಳಿಸಿದ್ದೂ ಖರೆ.

"ಆಯಿ ಏನಂದಳಂತ?" ಎಂದಳು ಅವ್ವ.

"'ಹುಡುಗಿ ಕೈ ಇನ್ನೂ ಎಳೀ ಸೌತಿಕಾಯಿ ಆಗೇತ್ರಿ ಯವ್ವಾ. ಘೋಡಗೇರಿ ಹಾದಿ ಕಾಗಿಗಿ ಇನ್ನೂ ಸಿಕ್ಕಿಲ್ಲ. ವರ್ಷದ ಮ್ಯಾಲೆ ಕೇಳ್ರಿ' ಅಂದಳಂತ. ಸೀರಿ ತುಗೊಳ್ಳಲಿಲ್ಲಂತ."

ಅವ್ವ ಮರುದಿನ ಅಪ್ಪನನ್ನು ಹೊರಡಿಸಿಕೊಂಡು ಮೂಡಲಗಿಗೆ ಹೋದಳು. ಸಂಜೆ ಚಕ್ಕಡಿಯಿಂದ ಇಳಿದು ನೇರ ಅಡುಗೆಮನೆ ಸೇರಿದಳು. ಆಯಿ ಬೇಸಿಗೆಯಲ್ಲೇ ತೀರಿಹೋಗಿದ್ದಳಂತೆ... ಅವ್ವ ಎಷ್ಟೋ ದಿನ ಒಬ್ಬಳೇ ಗೊಣಗುತ್ತಿದ್ದಳು, "ಅವತ್ತು ಯಾಕ ನಕ್ಕಳ ಅಕಿ? ಒಂದು ಮಾತು ಅಂದಿದ್ರ ಏನಾಗ್ತಿತ್ತು?"

ಅಕ್ಕ ಆರು ಮಕ್ಕಳನ್ನು ಹೆತ್ತು, ಮೊಮ್ಮಕ್ಕಳನ್ನು ಕಂಡು, ಹೋದ ವರ್ಷ ತೀರಿಕೊಂಡಳು. ಅವಳ ದಿನಕರ್ಮ ಮುಗಿಸಿ ಬರುವಾಗ ಮೂಡಲಗಿಯಲ್ಲಿ ಬಸ್ಸು ನಿಂತಿತು. ಇಳಿದು ಬಳೆ ಅಂಗಡಿಯವನೊಬ್ಬನನ್ನು ಕೇಳಿದೆ.

"ಯಾವ ಮುದುಕಿರಿ? ಹೆಸರೇನ್ರಿ?"

ಗೊತ್ತಿಲ್ಲ, ಹಳ್ಳಿಹಳ್ಳಿಗೆ ಬಳೆ ಹೊತ್ತು ತಿರುಗುತ್ತಿದ್ದಳು, ಬಹಳ ನಗಿಸುತ್ತಿದ್ದಳು ಎಂದೆ.

"ಆಗ ಎಲ್ಲಾರೂ ತಿರಗತಿದ್ರರಿ, ಆಯಿ" ಎಂದ ಅವನು, ನನ್ನ ನರೆತ ತಲೆ ನೋಡಿ.

ಬಸ್ಸಿನವನು ಕೂಗುತ್ತಿದ್ದ. ನಾನು ಹತ್ತಿ ಕೂತೆ.